ಗಾಡಿ ನೆರಳಲ್ಲಿ, ಪ್ಯಾನೆಲ್ ಬಿಸಿಲಲ್ಲಿ: ನಮ್ಮ ಓಮ್ನಿಗೆ ಬ್ಯಾಟರಿ ಪೆಟ್ಟಿಗೆ ಕಟ್ಟಿದ ಲೆಕ್ಕ

ಮಾರ್ಚ್ ತಿಂಗಳ ಒಂದು ರಾತ್ರಿ. ಚಿಂಚೋಳಿ ಹತ್ತಿರ ಮಾಮಾನ ಹೊಲದಲ್ಲಿ ಗಾಡಿ ನಿಲ್ಲಿಸಿದ್ದೆವು. ಅಪ್ಪ ಓಮ್ನಿಯ ಒಳಗೆ ಮಲಗಿದ್ದರು, ನಾನು ಹೊರಗೆ ಹೊರಸಿನ ಮೇಲೆ. ಎರಡು ಗಂಟೆ ಸುಮಾರಿಗೆ ಇನ್ವರ್ಟರ್ ಒಂದೇ ಸಮನೆ ಕೂಗಿ ಸುಮ್ಮನಾಯಿತು. ಫ್ಯಾನ್ ನಿಂತಿತು. ಸ್ವಲ್ಪ ಹೊತ್ತಿಗೆ ಅಪ್ಪ ಎದ್ದು ಕೂತರು.

ಅಪ್ಪನಿಗೆ ದಮ್ಮು ಇದೆ. ಮನೆಯಲ್ಲಿ ನೆಬ್ಯುಲೈಜರ್ ಇದೆ, ಔಷಧಿಯನ್ನು ಮಂಜಿನ ಹಾಗೆ ಮಾಡಿ ಉಸಿರಿಗೆ ಕೊಡುವ ಯಂತ್ರ. ಅದನ್ನೂ ತಂದಿದ್ದೆವು. ಆದರೆ ಅದಕ್ಕೆ ಕರೆಂಟ್ ಬೇಕಲ್ಲ. ಪುಣ್ಯಕ್ಕೆ ಬಾಯಿಗೆ ಹೊಡೆದುಕೊಳ್ಳುವ ಪಂಪ್ ಜೇಬಲ್ಲಿತ್ತು, ಅದರಿಂದ ಉಸಿರು ಸರಿಯಾಯಿತು. ಬೆಳಗಿನವರೆಗೆ ನಾನು ಒಂದು ರಟ್ಟು ಹಿಡಿದು ಗಾಳಿ ಹಾಕುತ್ತಾ ಕೂತೆ. ಬೆಳಿಗ್ಗೆ ಕೀಲಿ ತಿರುಗಿಸಿದರೆ ಗಾಡಿಯೂ ಚಾಲೂ ಆಗಲಿಲ್ಲ. ಮಾಮಾ ಮತ್ತು ಹೊಲದಲ್ಲಿದ್ದ ಮೂವರು ಸೇರಿ ದೂಡಿದರು. ಎರಡನೇ ಗೇರಿನಲ್ಲಿ ಕ್ಲಚ್ ಬಿಟ್ಟಾಗ ಎಂಜಿನ್ ಹತ್ತಿತು.

ಅವತ್ತೇ ತೀರ್ಮಾನ ಮಾಡಿದೆ. ಇದನ್ನು ಬುಡದಿಂದ ಬಿಚ್ಚಿ ಮತ್ತೆ ಕಟ್ಟಬೇಕು. ಕಟ್ಟಲು ಎರಡು ತಿಂಗಳು ಹಿಡಿಯಿತು. ನಮ್ಮ ಕಡೆ ಗಾಡಿಯಲ್ಲಿ ಮಲಗಿ ತಿರುಗಾಡುವವರು ಈಗ ಒಬ್ಬೊಬ್ಬರಾಗಿ ಕಾಣುತ್ತಿದ್ದಾರೆ. ಎಲ್ಲೂ ಪ್ಲಗ್ ಸಿಗದ ಜಾಗದಲ್ಲಿ, ಅದೂ 43 ಡಿಗ್ರಿ ಬಿಸಿಲಲ್ಲಿ, ಬ್ಯಾಟರಿಯನ್ನು ಹೇಗೆ ನಡೆಸಬೇಕು ಅನ್ನುವುದು ಅವರಿಗೂ ಬೇಕಾದ ವಿಷಯ. ಅದಕ್ಕೇ ಅಳತೆ ಸಮೇತ ಬರೆಯುತ್ತಿದ್ದೇನೆ.

ಏನು ತಪ್ಪಿತ್ತು

ಮೊದಲಿನ ಜೋಡಣೆ ಹೀಗಿತ್ತು. ಮನೆಯ ಇನ್ವರ್ಟರಿನ ಹಳೆ 150 ಆಂಪಿಯರ್-ಅವರ್ ಟ್ಯೂಬುಲರ್ ಬ್ಯಾಟರಿ, ನೀರು ಹಾಕುವ ಸೀಸದ್ದು, ಐದು ವರ್ಷ ದುಡಿದದ್ದು. (ಒಂದು ಆಂಪಿಯರ್ ಕರೆಂಟ್ ಒಂದು ತಾಸು ಹರಿದರೆ ಒಂದು ಆಂಪಿಯರ್-ಅವರ್.) ಒಂದು ಇನ್ವರ್ಟರ್. ಮನೆಯದೇ ಟೇಬಲ್ ಫ್ಯಾನ್. ಓಡುವಾಗ ಗಾಡಿಯ ಆಲ್ಟರ್ನೇಟರಿನಿಂದ (ಎಂಜಿನ್ ತಿರುಗಿಸಿ ಕರೆಂಟ್ ಮಾಡುವ ಭಾಗ) ಹಿಂದಿನ ಬ್ಯಾಟರಿಗೆ ಚಾರ್ಜ್ ಆಗಲಿ ಅಂತ ಒಂದು ತಂತಿ, ನಡುವೆ ಕೈಯಿಂದ ಹಾಕಿ ತೆಗೆಯುವ ಸ್ವಿಚ್.

ಆ ಸ್ವಿಚ್ಚನ್ನು ಆ ದಿನ ನಾನು ತೆಗೆದಿರಲಿಲ್ಲ. ಹಾಗಾಗಿ ರಾತ್ರಿಯಿಡೀ ಗಾಡಿಯ ಬ್ಯಾಟರಿಯೂ ಫ್ಯಾನ್ ತಿರುಗಿಸಿತು. ಎರಡೂ ಒಟ್ಟಿಗೆ ಖಾಲಿಯಾದವು. ಮನುಷ್ಯ ನೆನಪಿಟ್ಟುಕೊಂಡು ತೆಗೆಯಬೇಕಾದ ಸ್ವಿಚ್ ಮೇಲೆ ಗಾಡಿ ಚಾಲೂ ಆಗುವುದು ನಿಂತಿರಬಾರದು.

ಕಲಬುರಗಿಗೆ ಬಂದ ಮೇಲೆ ಟ್ಯೂಬುಲರ್ ಬ್ಯಾಟರಿಯನ್ನು ಪೂರ್ತಿ ತುಂಬಿಸಿ, ಒಂದು ಹಳೆ ಹೆಡ್‌ಲೈಟ್ ಬಲ್ಬ್ ಕಟ್ಟಿ ಅಂಗಳದಲ್ಲಿ ಇಟ್ಟೆ. 55 ವ್ಯಾಟ್ ಬಲ್ಬ್, ಮೀಟರಿನಲ್ಲಿ 4.5 ಆಂಪಿಯರ್ ಎಳೆಯುತ್ತಿತ್ತು. ಬೆಳಿಗ್ಗೆ ಆರಕ್ಕೆ ಹಚ್ಚಿದ್ದು, ಸಂಜೆ ಏಳೂ ಇಪ್ಪತ್ತಕ್ಕೆ ವೋಲ್ಟೇಜ್ 10.8ಕ್ಕೆ ಇಳಿಯಿತು. 13 ತಾಸು 20 ನಿಮಿಷ. ಅಂದರೆ 60 ಆಂಪಿಯರ್-ಅವರ್. ಮೇಲೆ 150 ಅಂತ ಬರೆದಿದೆ, ಒಳಗೆ ಇರುವುದು 60. ಅದರಲ್ಲೂ ಸೀಸ-ಆಸಿಡ್ ಬ್ಯಾಟರಿಯನ್ನು ದಿನಾ ಅರ್ಧಕ್ಕಿಂತ ಕೆಳಗೆ ಇಳಿಸಿದರೆ ಬೇಗ ಸಾಯುತ್ತದೆ. ಹಾಗಾಗಿ ನನಗೆ ನಿಜವಾಗಿ ಸಿಗುತ್ತಿದ್ದದ್ದು 30.

ಹಳೆ ಬ್ಯಾಟರಿ ಇರುವವರು ಈ ಬಲ್ಬ್ ಪರೀಕ್ಷೆ ಮಾಡಿಯೇ ಮುಂದೆ ಹೋಗಿ. ಖರ್ಚು ಏನೂ ಇಲ್ಲ. ಒಂದು ದಿನ ಹೋಗುತ್ತದೆ, ಅಷ್ಟೇ.

ಇನ್ನೊಂದು ವಿಷಯ ಇದಕ್ಕಿಂತ ದೊಡ್ಡದು. ನೀರು ಹಾಕುವ ಸೀಸದ ಬ್ಯಾಟರಿ ಚಾರ್ಜ್ ಆಗುವಾಗ ಹೈಡ್ರೋಜನ್ ಬಿಡುತ್ತದೆ. ಮುಚ್ಚಿದ ಗಾಡಿಯಲ್ಲಿ ಅದು ಸೇರಿಕೊಂಡರೆ ಒಂದು ಕಿಡಿ ಸಾಕು. ಮನೆಯಲ್ಲಿ ಅದನ್ನು ಗಾಳಿ ಆಡುವ ಮೂಲೆಯಲ್ಲಿ ಇಡುತ್ತೇವೆ. ನಾನು ಅಪ್ಪನ ತಲೆದಿಂಬಿನಿಂದ ಎರಡು ಮೊಳ ದೂರದಲ್ಲಿ ಇಟ್ಟಿದ್ದೆ. ದಯವಿಟ್ಟು ಯಾರೂ ಹಾಗೆ ಮಾಡಬೇಡಿ.

ಮೊದಲು ಖರ್ಚು ಇಳಿಸಿದ್ದು

ಅಪ್ಪ ಲೈನ್‌ಮನ್ ಆಗಿ ನಿವೃತ್ತರಾದವರು. ದೊಡ್ಡ ಬ್ಯಾಟರಿಯ ರೇಟು ಕೇಳಿಕೊಂಡು ಬಂದು ಹೇಳಿದಾಗ ಅವರು ಒಂದೇ ಮಾತು ಅಂದರು: "ತಮ್ಮಾ, ಮೊದ್ಲ ಎಷ್ಟ ಉಣ್ತದ ಅಂತ ನೋಡು. ಆಮ್ಯಾಲ ಎಷ್ಟ ಬಡಸ್ಬೇಕು ಅಂತ ನೋಡೋಣು."

ತಂತಿಯಲ್ಲಿ ಹರಿಯುವ ಕರೆಂಟ್ ಅಳೆಯುವ ಕ್ಲಾಂಪ್ ಮೀಟರ್ ಹಿಡಿದು ಕೂತೆವು. ಇನ್ವರ್ಟರ್ ಮೂಲಕ ಟೇಬಲ್ ಫ್ಯಾನ್ ತಿರುಗಿದರೆ ಬ್ಯಾಟರಿಯಿಂದ 6.1 ಆಂಪಿಯರ್ ಹೋಗುತ್ತಿತ್ತು. ಸುಮಾರು 74 ವ್ಯಾಟ್. ಫ್ಯಾನ್ ಆರಿಸಿ ಇನ್ವರ್ಟರ್ ಮಾತ್ರ ಸುಮ್ನೆ ಹಚ್ಚಿಟ್ಟರೂ 0.9 ಆಂಪಿಯರ್. ಏನೂ ಕೆಲಸ ಮಾಡದೆ, ಹಗಲು ರಾತ್ರಿ ಸೇರಿ 21 ಆಂಪಿಯರ್-ಅವರ್ ಇನ್ವರ್ಟರ್ ಒಂದೇ ನುಂಗುತ್ತಿತ್ತು. ಈಗಿನ ನಮ್ಮ ಪೂರ್ತಿ ರಾತ್ರಿಯ ಖರ್ಚೇ ಅಷ್ಟು!

ಆಮೇಲೆ ಇನ್ವರ್ಟರ್ ಇಲ್ಲದೆ ನೇರ ಬ್ಯಾಟರಿಯಿಂದಲೇ ತಿರುಗುವ 12 ವೋಲ್ಟಿನ ಡಿಸಿ ಫ್ಯಾನ್ ತಂದೆ, ಬಿಎಲ್‌ಡಿಸಿ ಅನ್ನುವ, ಕಡಿಮೆ ಕರೆಂಟ್ ಉಣ್ಣುವ ಮೋಟಾರಿನದು. ಜೋರಾಗಿ ತಿರುಗಿದರೆ 1.2 ಆಂಪಿಯರ್, ನಡುವಿನ ವೇಗದಲ್ಲಿ 0.7, ನಿಧಾನಕ್ಕೆ 0.4. ಆರು ಎಲ್ಲಿ, ಒಂದು ಎಲ್ಲಿ! ಈ ಒಂದು ಬದಲಾವಣೆಯಿಂದ ಆದ ಉಳಿತಾಯ, ಆಮೇಲೆ ಖರ್ಚು ಮಾಡಿದ ಯಾವ ಸಾವಿರ ರೂಪಾಯಿಯಿಂದಲೂ ಆಗಲಿಲ್ಲ.

ಮೊಬೈಲ್ ಚಾರ್ಜಿಗೆ ಗಾಡಿಗೆ ಹಾಕುವ ಯುಎಸ್‌ಬಿ ಸಾಕೆಟ್. ದೀಪಕ್ಕೆ 6 ವ್ಯಾಟಿನ ಎಲ್‌ಇಡಿ ಪಟ್ಟಿ. ಅಡುಗೆಗೆ ಸಣ್ಣ ಗ್ಯಾಸ್, ಅದನ್ನು ಯಾವಾಗಲೂ ಗಾಡಿಯ ಹೊರಗೇ ಹಚ್ಚುತ್ತೇವೆ. ಖಡಕ್ ರೊಟ್ಟಿ, ಶೇಂಗಾ ಹಿಂಡಿ ಮನೆಯಿಂದಲೇ ಬರುತ್ತವೆ. ಗಾಡಿಯಲ್ಲಿ ಇಡುವ ಸಣ್ಣ ಕಂಪ್ರೆಸರ್ ಫ್ರಿಜ್ ಬಗ್ಗೆ ತುಂಬ ಯೋಚಿಸಿದೆ. ಅದು ಓಡುವಾಗ 45-50 ವ್ಯಾಟ್ ಎಳೆಯುತ್ತದೆ, ನಮ್ಮ ಬಿಸಿಲಲ್ಲಿ ನಿಲ್ಲುವ ಹೊತ್ತೇ ಕಡಿಮೆ. ಒಂದು ಫ್ರಿಜ್‌ಗಾಗಿ ಬ್ಯಾಟರಿಯೂ ಸೋಲಾರ್ ಪ್ಯಾನೆಲ್ಲೂ ಎರಡರಷ್ಟು ಬೇಕಾಗುತ್ತಿತ್ತು. ಬೇಡ ಅಂತ ಬಿಟ್ಟೆ. ಮಣ್ಣಿನ ಹರವಿಗೆ ಒದ್ದೆ ಬಟ್ಟೆ ಸುತ್ತಿ ಗಾಳಿಗೆ ಇಟ್ಟರೆ ನೀರು ತಣ್ಣಗಿರುತ್ತದೆ. ಮೊಸರು ಬೇಕಾದರೆ ಊರಲ್ಲಿ ಸಿಗುತ್ತದೆ.

ಇನ್ವರ್ಟರ್ ಪೂರ್ತಿ ಬಿಡಲು ಆಗಲಿಲ್ಲ, ನೆಬ್ಯುಲೈಜರ್ 230 ವೋಲ್ಟಿನದು. ಅದಕ್ಕಾಗಿ 300 ವ್ಯಾಟಿನ ಸಣ್ಣ ಪ್ಯೂರ್ ಸೈನ್ ಇನ್ವರ್ಟರ್ ತಂದೆ, ಮನೆಯ ಕರೆಂಟಿನ ಹಾಗೆ ನಯವಾದ ಅಲೆ ಕೊಡುವಂಥದ್ದು. ಅಗ್ಗದ ಇನ್ವರ್ಟರುಗಳ ಮುರಿದ ಅಲೆಯಲ್ಲಿ ನೆಬ್ಯುಲೈಜರಿನ ಕಂಪ್ರೆಸರ್ ಮೋಟಾರ್ ಗುಂಯ್‌ಗುಡುತ್ತಾ ಬಿಸಿಯಾಗುತ್ತದೆ. ಔಷಧಿಯ ಯಂತ್ರದಲ್ಲಿ ಆ ಉಳಿತಾಯ ಬೇಡ. ಅದಕ್ಕೆ ಒಂದು ಕೆಂಪು ಸ್ವಿಚ್. ಯಂತ್ರ ಬೇಕಾದಾಗ ಮಾತ್ರ ಹಾಕುವುದು, ಮುಗಿದ ತಕ್ಷಣ ತೆಗೆಯುವುದು. ಹತ್ತು ನಿಮಿಷಕ್ಕೆ ಸುಮಾರು 2 ಆಂಪಿಯರ್-ಅವರ್ ಹೋಗುತ್ತದೆ.

ಬಕೆಟ್ ಕೂಲರ್

ಕಲಬುರಗಿಯ ಏಪ್ರಿಲ್-ಮೇ ಅಂದರೆ ಬರೀ ಫ್ಯಾನ್ ಬಿಸಿ ಗಾಳಿಯನ್ನೇ ಮುಖಕ್ಕೆ ಬಡಿಯುತ್ತದೆ. ಆದರೆ ನಮ್ಮದು ಒಣ ಬಿಸಿಲು. ಒಣ ಗಾಳಿಯಲ್ಲಿ ನೀರು ಆರಿದಷ್ಟೂ ತಂಪು. ಮನೆ ಮನೆಯಲ್ಲಿ ಕೂಲರ್ ನಡೆಯುವುದು ಅದಕ್ಕೇ ಅಲ್ವಾ?

20 ಲೀಟರಿನ ಖಾಲಿ ಪೇಂಟ್ ಬಕೆಟ್ ತೆಗೆದುಕೊಂಡೆ. ಮೇಲಿನ ಅರ್ಧದಲ್ಲಿ ಸುತ್ತಲೂ ಮೂರು ಕಿಟಕಿ ಕೊಯ್ದೆ. ಒಳಗಡೆಯಿಂದ ಕೂಲರಿನ ಹುಲ್ಲಿನ ಪ್ಯಾಡ್ ಕತ್ತರಿಸಿ ತಂತಿ ಜಾಲರಿಯಿಂದ ಬಿಗಿದೆ. ತಳದಲ್ಲಿ 5 ವ್ಯಾಟಿನ, 12 ವೋಲ್ಟಿನ ಮುಳುಗುವ ಪಂಪ್. ಅದರಿಂದ ಒಂದು ಪೈಪು ಮೇಲೆ ಬಂದು, ಬಕೆಟ್ಟಿನ ಅಂಚಿಗೆ ಸುತ್ತು ಹೊಡೆಯುತ್ತದೆ. ಆ ಸುತ್ತಿಗೆ ಬಿಸಿ ಮಾಡಿದ ಸೂಜಿಯಿಂದ ಅರ್ಧರ್ಧ ಇಂಚಿಗೆ ತೂತು. ಮುಚ್ಚಳವನ್ನು ದುಂಡಗೆ ಕೊಯ್ದು ಡಿಸಿ ಫ್ಯಾನ್ ಕೂರಿಸಿದೆ. ಫ್ಯಾನ್ ಒಳಗಿನ ಗಾಳಿ ಎಳೆದು ಹೊರಗೆ ಬಿಡುತ್ತದೆ, ಬಿಸಿ ಗಾಳಿ ಹುಲ್ಲಿನ ಮೂಲಕ ಒಳಗೆ ಬರುತ್ತದೆ.

ಮೊದಲ ದಿನ ಹುಲ್ಲು ಅಲ್ಲಲ್ಲಿ ಒಣಗಿಯೇ ಇತ್ತು. ಪ್ಯಾಡ್ ತುಂಬ ಒತ್ತಾಗಿ ತುಂಬಿದ್ದೆ, ನೀರು ಒಂದೇ ಕಡೆ ದಾರಿ ಮಾಡಿಕೊಂಡು ಇಳಿಯುತ್ತಿತ್ತು. ಸ್ವಲ್ಪ ಹುಲ್ಲು ಕಿತ್ತು ಸಡಿಲ ಮಾಡಿದ ಮೇಲೆ ಸಮನಾಗಿ ಒದ್ದೆಯಾಯಿತು. ಮಧ್ಯಾಹ್ನ ಮೂರಕ್ಕೆ ಹೊರಗೆ ನೆರಳಲ್ಲಿ 42 ಡಿಗ್ರಿ ಇದ್ದಾಗ ಫ್ಯಾನಿನ ಮುಂದೆ 29. ಫ್ಯಾನ್, ಪಂಪ್ ಎರಡೂ ಸೇರಿ 20 ವ್ಯಾಟ್. ಗಾಡಿಯ ಒಂದು ಕಿಟಕಿ ಸ್ವಲ್ಪ ತೆರೆದಿರಲೇಬೇಕು, ಇಲ್ಲದಿದ್ದರೆ ಒಳಗೆ ತೇವ ತುಂಬಿ ತಂಪು ನಿಂತುಹೋಗುತ್ತದೆ. ರಾತ್ರಿಗೆ 8 ಲೀಟರ್ ನೀರು ಬೇಕು. ಬೋರ್ ನೀರು ಹಾಕಿದರೆ ನಾಲ್ಕೇ ದಿನಕ್ಕೆ ಹುಲ್ಲಿನ ಮೇಲೆ ಬಿಳಿ ಉಪ್ಪು ಕಟ್ಟುತ್ತದೆ, ತೊಳೆಯಬೇಕು. ಮಳೆ ಶುರುವಾದ ಮೇಲೆ ಇದು ಕೆಲಸ ಮಾಡುವುದಿಲ್ಲ. ಆಗ ಬರೀ ಫ್ಯಾನ್ ಸಾಕು.

ಈಗ ರಾತ್ರಿಯ ಲೆಕ್ಕ ಬಂತು. ಕೂಲರ್ 20 ವ್ಯಾಟಿನಂತೆ ಎಂಟು ತಾಸು, 160 ವ್ಯಾಟ್-ಅವರ್. ನನ್ನ ಹೊರಸಿನ ಪಕ್ಕ ನಿಧಾನಕ್ಕೆ ತಿರುಗುವ ಸಣ್ಣ ಫ್ಯಾನ್, 40. ದೀಪ, ಎರಡು ಮೊಬೈಲ್ ಸೇರಿ 50. ಒಟ್ಟು 250, ಅದನ್ನು ಬ್ಯಾಟರಿಯ ವೋಲ್ಟೇಜಿನಿಂದ ಭಾಗಿಸಿದರೆ ಸುಮಾರು 20 ಆಂಪಿಯರ್-ಅವರ್. ಮಧ್ಯಾಹ್ನದ ಕೂಲರಿಗೆ ಇನ್ನೊಂದು 8-10.

ಹೊಸ ಬ್ಯಾಟರಿ, ಅದರ ಜಾಗ

12.8 ವೋಲ್ಟಿನ, 100 ಆಂಪಿಯರ್-ಅವರ್ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ತಂದೆ. ದುಡ್ಡು ಜಾಸ್ತಿಯೇ ಆಯಿತು. ಆದರೆ ನೂರಕ್ಕೆ 80 ಪಾಲು ಇಳಿಸಿದರೂ ಅದಕ್ಕೆ ತೊಂದರೆ ಇಲ್ಲ, ಚಾರ್ಜ್ ಆಗುವಾಗ ಗ್ಯಾಸ್ ಬಿಡುವುದಿಲ್ಲ, ತೂಕ 12 ಕೆಜಿ. ಹಳೆಯದನ್ನು ಎತ್ತಲು ಇಬ್ಬರು ಬೇಕಿತ್ತು. ಇದನ್ನು ಅಪ್ಪನೇ ಎತ್ತಿ ಇಟ್ಟರು.

ಈ ಬ್ಯಾಟರಿಗೆ ದೊಡ್ಡ ಶತ್ರು ಅಂದರೆ ನಮ್ಮ ಬಿಸಿಲು. ಜೊತೆಗೆ ಬಂದ ಹಾಳೆಯಲ್ಲಿ ಚಾರ್ಜ್ ಮಾಡುವಾಗ 0 ರಿಂದ 45 ಡಿಗ್ರಿ ಅಂತ ಇದೆ. ಮೊದಲು ಅದನ್ನು ಡ್ರೈವರ್ ಸೀಟಿನ ಬೆನ್ನ ಹಿಂದೆ ಇಟ್ಟೆ, ತಂತಿ ಗಿಡ್ಡ ಆಗುತ್ತದೆ ಅಂತ. ಶಹಾಬಾದಿಗೆ ಹೋಗಿ ಬಂದು ನೋಡಿದರೆ ಬ್ಯಾಟರಿಯ ಮೈಗೆ ಅಂಟಿಸಿದ ಥರ್ಮಾಮೀಟರಿನಲ್ಲಿ 49 ಡಿಗ್ರಿ! ಓಮ್ನಿಯ ಎಂಜಿನ್ ಮುಂದಿನ ಸೀಟುಗಳ ಕೆಳಗೇ ಇರುತ್ತದೆ. ಗೊತ್ತಿದ್ದೂ ಅದರ ಬೆನ್ನಿಗೇ ಇಟ್ಟಿದ್ದೆ.

ಹಿಂದಿನ ಬಾಗಿಲಿನ ಎಡ ಮೂಲೆಗೆ ಬದಲಿಸಿದೆ. ಪ್ಲೈವುಡ್ ಪೆಟ್ಟಿಗೆ, ತಳದಲ್ಲಿ ಎರಡು ಮರದ ಪಟ್ಟಿ, ಬ್ಯಾಟರಿ ಗಾಡಿಯ ತಗಡಿಗೆ ತಾಗದ ಹಾಗೆ. ಕಿಟಕಿ ಕಡೆಯ ಗೋಡೆಗೆ ಒಳಗಿನಿಂದ ಥರ್ಮಾಕೋಲ್. ಕೆಳಗೊಂದು ಮೇಲೊಂದು ಗಾಳಿಯ ತೂತು. ಪಟ್ಟಾ ಹಾಕಿ ಬಿಗಿದೆ, ಬ್ರೇಕ್ ಹಾಕಿದಾಗ 12 ಕೆಜಿ ಮುಂದೆ ಹಾರಿ ಬರಬಾರದು. ಈಗ ಅದೇ ದಾರಿಯಲ್ಲಿ ಅದೇ ಹೊತ್ತಿಗೆ ಹೋಗಿ ಬಂದರೆ 41. ಪೆಟ್ಟಿಗೆ, ಹಲಗೆ, ಎಲ್ಲವೂ ಬಿಚ್ಚಿ ಕೆಳಗಿಡುವ ಹಾಗಿವೆ. ಗಾಡಿಯ ಮೈಯನ್ನು ಎಲ್ಲೂ ಕೊರೆದಿಲ್ಲ, ಕೊಯ್ದಿಲ್ಲ.

ಬಿಸಿ ಲಗ್

ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಬೆಂಕಿ ಹತ್ತುವುದು ಇಂಥ ಕಡೆಯೇ.

ದಪ್ಪ ತಂತಿಯ ತುದಿಗೆ ತಾಮ್ರದ ಲಗ್ ಹಾಕಬೇಕು, ಅಂದರೆ ಬೋಲ್ಟಿಗೆ ಕೂರಿಸುವ ತೂತಿರುವ ತುದಿ. ನನ್ನ ಹತ್ತಿರ ಒತ್ತುವ ಯಂತ್ರ ಇರಲಿಲ್ಲ. ಕಬ್ಬಿಣದ ತುಂಡಿನ ಮೇಲಿಟ್ಟು ಸುತ್ತಿಗೆಯಿಂದ ಬಡಿದೆ. ನೋಡಲು ಚಪ್ಪಟೆಯಾಗಿ ಗಟ್ಟಿಯಾಗಿಯೇ ಕಂಡಿತು. ಪರೀಕ್ಷೆಗೆ ಎರಡು ಜೊತೆ ಹೆಡ್‌ಲೈಟ್ ಬಲ್ಬ್ ಕಟ್ಟಿ 20 ಆಂಪಿಯರ್ ಹರಿಸಿದೆವು. ಐದು ನಿಮಿಷ ಆದ ಮೇಲೆ ಅಪ್ಪ ಒಂದೊಂದೇ ಜೋಡಣೆಯ ಹತ್ತಿರ ಹಿಂಗೈ ತಂದು ನೋಡುತ್ತಾ ಹೋದರು. ನಾಲ್ಕನೆಯದರ ಹತ್ತಿರ ಕೈ ನಿಂತಿತು. "ಇದು ಕುದಿಲಿಕ್ಕತ್ತದ ನೋಡು."

ಮಲ್ಟಿಮೀಟರಿನ ಒಂದು ಕಡ್ಡಿ ಲಗ್ಗಿನ ಮೇಲೆ, ಇನ್ನೊಂದು ತಂತಿಯ ಬರಿ ತಾಮ್ರಕ್ಕೆ ಇಟ್ಟೆ. 0.3 ವೋಲ್ಟ್. ಒಂದು ಬೆರಳಷ್ಟು ಜಾಗದಲ್ಲಿ 0.3 ವೋಲ್ಟ್, 20 ಆಂಪಿಯರ್, ಅಂದರೆ 6 ವ್ಯಾಟ್ ಬಿಸಿ. ಗರಗಸದಿಂದ ಆ ಲಗ್ಗನ್ನು ಅಡ್ಡ ಕೊಯ್ದು ನೋಡಿದೆವು. ಒಳಗೆ ಎಳೆಗಳ ನಡುವೆ ಬೆಳಕು ಕಾಣುತ್ತಿತ್ತು. ಸರಿಯಾಗಿ ಒತ್ತಿದ ಲಗ್ ಕೊಯ್ದರೆ ಒಳಗೆ ಒಂದೇ ತಾಮ್ರದ ಗಡ್ಡೆಯ ಹಾಗೆ ಇರಬೇಕು.

ಮಾರನೇ ದಿನ ನಮ್ಮೂರ ಸೂಪರ್ ಮಾರ್ಕೆಟ್ ಪೇಟೆ ಕಡೆಯ ಒಬ್ಬ ವೈರಿಂಗ್ ಮಿಸ್ತ್ರಿ ಹತ್ತಿರ ಎಲ್ಲ ತಂತಿ ತೆಗೆದುಕೊಂಡು ಹೋದೆ. ಅವರ ಬಳಿ ಹೈಡ್ರಾಲಿಕ್ ಒತ್ತುಯಂತ್ರ ಇತ್ತು. ಹದಿನಾಲ್ಕು ಲಗ್, ಅರ್ಧ ತಾಸಿನ ಕೆಲಸ. "ಬಡಿಯೋದು ಬ್ಯಾಡ್ರಿ, ಇಲ್ಲಿಗೇ ಬರ್ರಿ" ಅಂದರು. ಆಮೇಲೆ ಅದೇ 20 ಆಂಪಿಯರಿಗೆ ಯಾವ ಲಗ್ಗಿನಲ್ಲೂ 0.01 ವೋಲ್ಟ್ ದಾಟಲಿಲ್ಲ.

ಫ್ಯೂಸ್ ಬ್ಯಾಟರಿಯ ಪ್ಲಸ್ ಕಡ್ಡಿಯಿಂದ ಒಂದು ಗೇಣಿನೊಳಗೇ ಇದೆ, 60 ಆಂಪಿಯರ್. ಅಲ್ಲಿಂದ ಮುಂದೆ ಒಂದೊಂದು ಸಾಲಿಗೂ ಬೇರೆ ಬೇರೆ ಸಣ್ಣ ಫ್ಯೂಸ್. ಫ್ಯೂಸ್ ದೂರ ಇದ್ದರೆ ಬ್ಯಾಟರಿಗೂ ಫ್ಯೂಸಿಗೂ ನಡುವಿನ ತಂತಿ ತಗಡಿಗೆ ಉಜ್ಜಿದಾಗ ಕಾಪಾಡುವವರು ಯಾರೂ ಇರುವುದಿಲ್ಲ.

ಓಡುವಾಗಿನ ಚಾರ್ಜ್

ಹಳೆ ಜೋಡಣೆಯಲ್ಲಿ ಎರಡು ತಾಸು ಓಡಿದರೂ ಬ್ಯಾಟರಿ ಯಾಕೆ ತುಂಬುತ್ತಿರಲಿಲ್ಲ ಅನ್ನುವುದೂ ಈಗ ತಿಳಿಯಿತು. ತಂತಿ 2.5 ಚದರ ಮಿಲಿಮೀಟರಿನದು, ಮನೆಯ ಪ್ಲಗ್ಗಿಗೆ ಹಾಕುವಂಥದ್ದು. ಹೋಗಿ ಬರುವ ದಾರಿ 10 ಮೀಟರ್. ಅದರಲ್ಲಿ 20 ಆಂಪಿಯರ್ ಹರಿಯಬೇಕಾದರೆ 1.5 ವೋಲ್ಟ್ ತಂತಿಯಲ್ಲೇ ಕರಗುತ್ತದೆ. ಆಲ್ಟರ್ನೇಟರಿನ ಹತ್ತಿರ 14.2 ಇದ್ದರೆ ಹಿಂದೆ 12.7. ಅಷ್ಟರಲ್ಲಿ ಸೀಸದ ಬ್ಯಾಟರಿ ತುಂಬುವುದಿಲ್ಲ. ಮನೆಯ 230 ವೋಲ್ಟಿನಲ್ಲಿ ಒಂದೂವರೆ ವೋಲ್ಟ್ ಲೆಕ್ಕಕ್ಕೇ ಇಲ್ಲ. 12 ವೋಲ್ಟಿನಲ್ಲಿ ಅದೇ ಎಲ್ಲ.

ಈಗ 10 ಚದರ ಮಿಲಿಮೀಟರ್ ತಂತಿ, ನಡುವೆ 10 ಆಂಪಿಯರಿನ ಡಿಸಿ-ಡಿಸಿ ಚಾರ್ಜರ್, ಗಾಡಿಯ ಕರೆಂಟನ್ನು ಅಳೆದು ಹಿಂದಿನ ಬ್ಯಾಟರಿಗೆ ಬಿಡುವಂಥದ್ದು. ಲಿಥಿಯಂ ಬ್ಯಾಟರಿಯನ್ನು ನೇರವಾಗಿ ಆಲ್ಟರ್ನೇಟರಿಗೆ ಕಟ್ಟಬಾರದು. ಅದು ಸಿಕ್ಕಷ್ಟು ಎಳೆಯುತ್ತದೆ, ಓಮ್ನಿಯಂಥ ಸಣ್ಣ ಗಾಡಿಯ ಆಲ್ಟರ್ನೇಟರ್ ಸುಟ್ಟುಹೋಗಬಹುದು. ಈ ಚಾರ್ಜರ್ ಹತ್ತಕ್ಕಿಂತ ಜಾಸ್ತಿ ಬಿಡುವುದಿಲ್ಲ, ಕೀಲಿ ತೆಗೆದ ತಕ್ಷಣ ತಾನೇ ನಿಲ್ಲುತ್ತದೆ. ಹಾಗಾಗಿ ಮುಂದಿನ ಬ್ಯಾಟರಿಗೂ ಹಿಂದಿನದಕ್ಕೂ ರಾತ್ರಿ ಸಂಬಂಧವೇ ಇಲ್ಲ. ಕೈ ಸ್ವಿಚ್ಚನ್ನು ಕಿತ್ತು ಡಬ್ಬಿಯಲ್ಲಿ ಹಾಕಿಟ್ಟೆ.

ನಿಂತ ಗಾಡಿಯಲ್ಲಿ ಚಾರ್ಜಿಗಾಗಿ ಎಂಜಿನ್ ಹಚ್ಚಿಟ್ಟು ಒಳಗೆ ಮಲಗುವುದು ಮಾತ್ರ ಬೇಡವೇ ಬೇಡ. ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯೂ ಇಲ್ಲ, ಎಚ್ಚರವೂ ಆಗುವುದಿಲ್ಲ.

ಪ್ಯಾನೆಲ್

165 ವ್ಯಾಟಿನ ಒಂದೇ ಸೋಲಾರ್ ಪ್ಯಾನೆಲ್, ಅದರ ಕರೆಂಟನ್ನು ಬ್ಯಾಟರಿಗೆ ತಕ್ಕ ಹಾಗೆ ಮಾಡಿ ಕೊಡುವ 20 ಆಂಪಿಯರಿನ ಎಂಪಿಪಿಟಿ ಕಂಟ್ರೋಲರ್. ಮೊದಲು ಕ್ಯಾರಿಯರ್ ಮೇಲೆ ಕಾಯಂ ಆಗಿ ಬೋಲ್ಟ್ ಹಾಕಿ ಬಿಗಿಯುವ ಯೋಚನೆ ಇತ್ತು. ಬೇವಿನ ಮರದ ಕೆಳಗೆ ನಿಲ್ಲಿಸಿ ನೋಡಿದ ಮೇಲೆ ಅದನ್ನು ಬಿಟ್ಟೆ. ಒಂದು ಸಣ್ಣ ರೆಂಬೆಯ ನೆರಳು ಮೂಲೆಗೆ ಬಿದ್ದಿತ್ತು, ಅಷ್ಟಕ್ಕೇ 110 ವ್ಯಾಟ್ ಇದ್ದದ್ದು 30ಕ್ಕೆ ಬಂತು. ಪ್ಯಾನೆಲ್ಲಿನ 36 ಬಿಲ್ಲೆಗಳೂ (ಸೆಲ್) ಸರಪಳಿಯ ಹಾಗೆ ಒಂದರ ಹಿಂದೊಂದು. ಒಂದು ನೆರಳಲ್ಲಿದ್ದರೆ ಉಳಿದವೂ ಅದರ ಹಿಂದೆ ನಿಲ್ಲುತ್ತವೆ. ನೆರಳು ಬಿದ್ದ ಅರ್ಧ ಪ್ಯಾನೆಲ್ ಬಿಟ್ಟು ಕರೆಂಟ್ ಸುತ್ತಿ ಹೋಗಲು ಡಯೋಡ್ ಇದೆ, ನಿಜ. ಆದರೆ ಉಳಿದ ಅರ್ಧದಲ್ಲಿ ಬರುವುದು 9 ವೋಲ್ಟ್. ಅದರಿಂದ 13 ವೋಲ್ಟಿನ ಬ್ಯಾಟರಿ ತುಂಬುವುದಿಲ್ಲ.

ಗಾಡಿಗೆ ನೆರಳು ಬೇಕು, ಪ್ಯಾನೆಲ್ಲಿಗೆ ಬಿಸಿಲು ಬೇಕು. ಎರಡನ್ನೂ ಬೇರೆ ಮಾಡುವುದೇ ದಾರಿ. ಈಗ ಪ್ಯಾನೆಲ್ ಓಡುವಾಗ ಕ್ಯಾರಿಯರ್ ಮೇಲೆ ಇರುತ್ತದೆ, ನಿಂತಾಗ ಕೆಳಗೆ ಇಳಿಯುತ್ತದೆ. 8 ಮೀಟರ್ ಉದ್ದದ, 6 ಚದರ ಮಿಲಿಮೀಟರಿನ ಸೋಲಾರ್ ಕೇಬಲ್. ಬೆಳಿಗ್ಗೆ ಪೂರ್ವಕ್ಕೆ ಮುಖ ಮಾಡಿ ಒರಗಿಸುತ್ತೇನೆ. ಮಧ್ಯಾಹ್ನಕ್ಕೆ ಅಡ್ಡ ಮಲಗಿಸುತ್ತೇನೆ, ಮೇ ಎರಡನೇ ವಾರದ ಹೊತ್ತಿಗೆ ಕಲಬುರಗಿಯಲ್ಲಿ ಸೂರ್ಯ ನೇರ ನೆತ್ತಿಯ ಮೇಲೇ ಇರುತ್ತಾನೆ.

ನೆಲಕ್ಕೆ ಅಂಟಿಸಿ ಇಡಬೇಡಿ. ಅದರಲ್ಲೂ ನಮ್ಮ ಫರ್ಸಿ ಕಲ್ಲಿನ ಮೇಲೆ. ಎರಡು ಇಟ್ಟಿಗೆ ಇಟ್ಟು ಕೆಳಗೆ ಗಾಳಿ ಆಡಲು ಬಿಡಿ. ಪ್ಯಾನೆಲ್ 25 ಡಿಗ್ರಿ ದಾಟಿದ ಮೇಲೆ ಪ್ರತಿ ಡಿಗ್ರಿಗೂ ನೂರಕ್ಕೆ 0.4ರಷ್ಟು ಶಕ್ತಿ ಕಳೆದುಕೊಳ್ಳುತ್ತದೆ. ಮೇ ಮಧ್ಯಾಹ್ನ ಅದರ ಬೆನ್ನು 68 ಡಿಗ್ರಿ ಇತ್ತು. 165 ಅಂತ ಬರೆದದ್ದು ನನಗೆ ಅತಿ ಹೆಚ್ಚು ಅಂದರೆ 122 ಕೊಟ್ಟಿದೆ.

ಸುಳ್ಳು ಹೇಳಿದ ಮೀಟರ್

ಈ ಬ್ಯಾಟರಿಯಲ್ಲಿ ಎಷ್ಟು ಉಳಿದಿದೆ ಅಂತ ವೋಲ್ಟ್ ಮೀಟರಿನಿಂದ ತಿಳಿಯುವುದಿಲ್ಲ. ಮುಕ್ಕಾಲು ಇದ್ದರೂ, ಅರ್ಧ ಇದ್ದರೂ 13.2ರ ಆಸುಪಾಸೇ ತೋರಿಸುತ್ತದೆ. ಒಳಗೆ ಹೋದ, ಹೊರಗೆ ಬಂದ ಕರೆಂಟನ್ನು ಎಣಿಸುವ ಮೀಟರ್ ಬೇಕು. ಅದಕ್ಕೊಂದು ಶಂಟ್, ಹಿತ್ತಾಳೆಯ ಗಟ್ಟಿ ತುಂಡು, ಮೈನಸ್ ತಂತಿಯಲ್ಲಿ ಕೂರುತ್ತದೆ. ಅದನ್ನು ದಾಟಿದ ಕರೆಂಟನ್ನು ಮಾತ್ರ ಮೀಟರ್ ಎಣಿಸುತ್ತದೆ.

ಏಪ್ರಿಲ್ ಕೊನೆಗೆ ಅಂಗಳದಲ್ಲೇ ಮೂರು ದಿನ ತಾಲೀಮು ನಡೆಸಿದೆವು, ಮನೆಯ ಕರೆಂಟ್ ಮುಟ್ಟದೆ. ಎರಡನೇ ದಿನ ಮಧ್ಯಾಹ್ನ ಮೀಟರ್ 56 ಪಾಲು ಉಳಿದಿದೆ ಅಂತಿತ್ತು. ಆದರೆ ಸೋಲಾರ್ ಕಂಟ್ರೋಲರ್ 14.2 ವೋಲ್ಟ್ ಮುಟ್ಟಿ ಕರೆಂಟ್ ಇಳಿಸಿಬಿಟ್ಟಿತ್ತು, ಬ್ಯಾಟರಿ ತುಂಬಿದೆ ಅನ್ನುವ ಹಾಗೆ. ಎರಡರಲ್ಲಿ ಯಾವುದು ನಿಜ? ಪೆಟ್ಟಿಗೆಯ ಮುಂದೆ ಕೂತು ತಂತಿಗಳನ್ನು ಒಂದೊಂದಾಗಿ ಬೆರಳಿನಿಂದ ಹಿಡಿದು ಹೋದೆ. ಕಂಟ್ರೋಲರಿನ ಮೈನಸ್ ತಂತಿ ನೇರವಾಗಿ ಬ್ಯಾಟರಿಯ ಕಡ್ಡಿಗೆ ಹೋಗಿತ್ತು, ಶಂಟ್ ದಾಟದೆ. ಖರ್ಚು ಮಾತ್ರ ಎಣಿಕೆಗೆ ಬರುತ್ತಿತ್ತು, ಜಮಾ ಬರುತ್ತಿರಲಿಲ್ಲ. ಬ್ಯಾಟರಿಯ ಮೈನಸ್ ಕಡ್ಡಿಗೆ ಶಂಟಿನ ತಂತಿ ಒಂದೇ ಇರಬೇಕು. ಬೇರೆ ಏನೇ ಇದ್ದರೂ ಶಂಟಿನ ಆಚೆ ಬದಿಗೆ. ಬದಲಿಸಿದ ಮೇಲೆ ಎರಡೂ ಒಂದೇ ಮಾತು ಹೇಳಿದವು.

ಆ ತಾಲೀಮಿನಲ್ಲೇ ದಿನಚರಿಯೂ ಗಟ್ಟಿಯಾಯಿತು. ಬ್ಯಾಟರಿ ಅತಿ ತಣ್ಣಗಿರುವುದು ನಸುಕಿನಲ್ಲಿ. ಅದಕ್ಕೆ ಏಳು ಗಂಟೆಗೇ ಪ್ಯಾನೆಲ್ ಬಿಸಿಲಿಗೆ ಬರುತ್ತದೆ. ಹನ್ನೊಂದೂವರೆ ಹೊತ್ತಿಗೆ 25 ಆಂಪಿಯರ್-ಅವರ್ ಸೇರಿರುತ್ತದೆ, ರಾತ್ರಿಯ ಖರ್ಚು ವಾಪಸ್ ಬಂದ ಹಾಗೆ. ಆಮೇಲೆ ಬರುವ ಕರೆಂಟು ಮಧ್ಯಾಹ್ನದ ಕೂಲರಿಗೆ ಹೋಗುತ್ತದೆ, ಬಿಸಿಯಾದ ಬ್ಯಾಟರಿಗೆ ತುಂಬುವ ಕೆಲಸ ಉಳಿಯುವುದಿಲ್ಲ. ಚಾರ್ಜಿನ ಮಿತಿಯನ್ನೂ 14.6ರಿಂದ 14.2ಕ್ಕೆ ಇಳಿಸಿದ್ದೇನೆ. ಗಾಡಿ ವಾರಗಟ್ಟಲೆ ನಿಲ್ಲುವುದಾದರೆ ಬ್ಯಾಟರಿಯನ್ನು ಅರ್ಧಕ್ಕೆ ಇಳಿಸಿ, ಬಿಚ್ಚಿ, ಮನೆಯೊಳಗೆ ಇಡುತ್ತೇನೆ. ಪೂರ್ತಿ ತುಂಬಿ ಬಿಸಿಲಲ್ಲಿ ಬಿಟ್ಟರೆ ಅದರ ಆಯಸ್ಸು ಕಡಿಮೆಯಾಗುತ್ತದೆ.

ಇನ್ನೊಂದು ನಿಯಮ ಅಪ್ಪ ಹಾಕಿದ್ದು. 30 ಪಾಲಿಗೆ ಬಂದರೆ ಕೂಲರ್ ಬಂದ್. ಕೊನೆಯ 20 ನೆಬ್ಯುಲೈಜರಿಗೆ ಮತ್ತು ಒಂದು ಮೊಬೈಲಿಗೆ ಮಾತ್ರ.

ಸನ್ನತಿ, ಮೇ

ಸನ್ನತಿಗೆ ಹೋಗೋಣ ಅಂದದ್ದು ಅಪ್ಪನೇ. 1986ರಲ್ಲಿ ಅಲ್ಲಿ ಗುಡಿಯೊಂದರಲ್ಲಿ ಅಶೋಕನ ಶಾಸನದ ಕಲ್ಲು ಸಿಕ್ಕ ಸುದ್ದಿಯನ್ನು ಅವರು ಆಗಲೇ ಕೇಳಿದ್ದರಂತೆ. ಕೆಲಸದಲ್ಲಿದ್ದಾಗ ಆ ಕಡೆ ಹೋಗಿದ್ದರೂ ನೋಡಲು ಪುರುಸೊತ್ತು ಸಿಕ್ಕಿರಲಿಲ್ಲ. ಚಂದ್ರಲಾಂಬ ಗುಡಿಯಿಂದ ಸ್ವಲ್ಪ ದೂರ, ಅಲ್ಲಿನವರನ್ನು ಕೇಳಿಕೊಂಡು, ಒಂದು ಬೇವಿನ ಮರದ ಕೆಳಗೆ ಗಾಡಿ ನಿಲ್ಲಿಸಿದೆವು. ಭೀಮಾ ನದಿ ಹತ್ತಿರವೇ. ಕೂಲರಿಗೆ ನೀರಿನ ಚಿಂತೆ ಇರಲಿಲ್ಲ. ಕನಗನಹಳ್ಳಿಯ ಸ್ತೂಪದ ಹತ್ತಿರ ಅಪ್ಪ ಒಂದು ಇಡೀ ಬೆಳಗು ಕಳೆದರು.

ಮೂರು ರಾತ್ರಿ ಇದ್ದೆವು. ಮೊದಲ ಬೆಳಗು ಮೀಟರಿನಲ್ಲಿ 79 ಪಾಲು, ಮಧ್ಯಾಹ್ನದೊಳಗೆ 98-99ಕ್ಕೆ ವಾಪಸ್. ಎರಡನೆಯ ಬೆಳಗು 77. ಆ ದಿನ ಸಂಜೆಯವರೆಗೆ ಮೋಡ. ಪ್ಯಾನೆಲ್ ಬರೀ 11 ಆಂಪಿಯರ್-ಅವರ್ ಕೊಟ್ಟಿತು. ಮಧ್ಯಾಹ್ನದ ಕೂಲರ್ 9 ತಿಂದಿತು. ರಾತ್ರಿ ಮಲಗುವಾಗ ಮೀಟರ್ 79 ಅಂತಿತ್ತು.

ಆ ರಾತ್ರಿ ನಾಲ್ಕರ ಹತ್ತಿರ ಎಚ್ಚರವಾಯಿತು. ಓಮ್ನಿಯ ಒಳಗೆ ದೀಪ ಹತ್ತಿತು. ನಾನು ಏಳುವಷ್ಟರಲ್ಲಿ ಟಕ್ ಅಂತ ಕೆಂಪು ಸ್ವಿಚ್ಚಿನ ಸದ್ದು, ಹಿಂದೆಯೇ ನೆಬ್ಯುಲೈಜರಿನ ಗುರ್ ಸದ್ದು. "ಅಪ್ಪಾ, ಬರ್ಲೇನು?" ಅಂದೆ. ಮಾಸ್ಕ್ ಹಾಕಿಕೊಂಡಿದ್ದರು, ಬೇಡ ಅಂತ ಕೈ ಆಡಿಸಿದರು. ಹಿಂದಿನ ಗಾಜಿನಿಂದ ಮೀಟರಿನ ನೀಲಿ ಅಂಕಿ ಕಾಣುತ್ತಿತ್ತು. 64. ಹತ್ತು ನಿಮಿಷ ಆದ ಮೇಲೆ ಸದ್ದು ನಿಂತಿತು, ಟಕ್ ಅಂತ ಸ್ವಿಚ್ ಆರಿತು. 62. ಕೂಲರ್ ತಿರುಗುತ್ತಲೇ ಇತ್ತು.

ಬೆಳಿಗ್ಗೆ ಒಂದೇ ಕೀಲಿಗೆ ಗಾಡಿ ಚಾಲೂ ಆಯಿತು.

ಇನ್ನು ಉಳಿದಿರುವ ಕೆಲಸ ಮಳೆಗಾಲದ್ದು. ಪ್ಯಾನೆಲ್ಲಿನ ಕೇಬಲ್ ಈಗ ಹಿಂದಿನ ಬಾಗಿಲಿನ ರಬ್ಬರ್ ಸಂದಿಯಿಂದ ಒಳಗೆ ಬರುತ್ತದೆ, ಬಾಗಿಲು ಹಾಕಿದಾಗ ಅದೇ ಜಾಗದಲ್ಲಿ ಒತ್ತುತ್ತದೆ. ಮೇಲಿನ ಪದರದ ಮೇಲೆ ಆಗಲೇ ಒಂದು ಗೆರೆ ಬಿದ್ದಿದೆ. ಜೂನ್ ಮೊದಲ ಮಳೆಗೆ ಮುಂಚೆ ಆ ತುಂಡು ಬದಲಿಸಿ, ಗಾಡಿಯ ಕೆಳಗಿನ ರಬ್ಬರ್ ಮುಚ್ಚಳದ ಮೂಲಕ ದಾರಿ ಮಾಡಬೇಕು. ಅಪ್ಪ ಆ ಕೇಬಲ್ ಬಿಚ್ಚಿ ಅಂಗಳದಲ್ಲಿ ಸುತ್ತಿ ಇಟ್ಟಿದ್ದಾರೆ.